ಬೀಜ ಆರಿಸುವ ನೀರಿನ ವಿಶಿಷ್ಟ ಗುರುತ್ವ

ಬಿತ್ತುವ ಭತ್ತವನ್ನು ನೀರಿನಲ್ಲಿ ಹಾಕಿ, ತೇಲಿದುದನ್ನು ತೆಗೆದು, ಮುಳುಗಿದುದನ್ನು ಬಿತ್ತುವ ರೂಢಿಯು ಹಳೆಯದು. ಆದರೆ ಬರಿಯ ನೀರಿನಲ್ಲಿ ತೇಲುವುದು ಜೊಳ್ಳು ಮಾತ್ರ. ಅರೆತುಂಬಿದ ಕಾಳು ನೀರಿಗಿಂತ ತುಸು ಭಾರವಾದುದರಿಂದ ಗಟ್ಟಿಕಾಳಿನ ಸಂಗಡವೇ ತಳ ಸೇರುತ್ತದೆ. ಹಿಂದಿನ ಸಂಪಗಾಂವ ತಾಲೂಕಿನ ಪಶ್ಚಿಮಭಾಗದಲ್ಲಿ, ಕಿತ್ತೂರಿನ ಸುತ್ತಮುತ್ತ, ಭತ್ತವನ್ನು ಕೂರಿಗೆಯಿಂದ ಬಿತ್ತುವ ಒಕ್ಕಲಿಗನಿಗೆ ಇದು ಸಣ್ಣ ಮಾತಲ್ಲ. ಸಸಿಮಡಿ ಮಾಡಿದವನು ಬಡಕಲು ಸಸಿಯನ್ನು ನಾಟಿಯ ಹೊತ್ತಿಗೆ ಎಸೆಯಬಲ್ಲನು. ಕೂರಿಗೆಯವನಿಗೆ ಆ ಎರಡನೆಯ ಅವಕಾಶವಿಲ್ಲ.

ಉಪ್ಪುನೀರಿನಿಂದ ಬೀಜ ಆರಿಸುವ ಪದ್ಧತಿಯನ್ನು ಜಪಾನಿನ ಯೊಕೊಯಿ ತೊಕಿಯೊಶಿ ಎಂಬ ಪಂಡಿತರು ೧೮೮೨ರಲ್ಲಿ ರೂಪಿಸಿದರು. ಅದರ ಮರ್ಮವೆಲ್ಲ ವಿಶಿಷ್ಟ ಗುರುತ್ವದಲ್ಲಿದೆ. ಎಂದರೆ, ಒಂದು ಪದಾರ್ಥದ ತೂಕವು ಅಷ್ಟೇ ಗಾತ್ರದ ನೀರಿನ ತೂಕಕ್ಕೆ ಎಷ್ಟು ಪಟ್ಟು ಎಂಬ ಲೆಕ್ಕ. ಅಲ್ಲಿಯ ದುಂಡು ಭತ್ತಕ್ಕೆ ೧.೧೩ ಗುರುತ್ವದ ನೀರು ಸಲ್ಲುತ್ತದೆ. ಅದನ್ನೇ ಇಲ್ಲಿಯ ಭತ್ತಕ್ಕೆ ಹಿಡಿದರೆ ಒಳ್ಳೆಯ ಬೀಜವೂ ತೇಲಿಹೋದೀತು, ಇಲ್ಲಿಗೆ ೧.೦೬ ಸಾಕು.

ತಪ್ಪುವುದು ಲೆಕ್ಕದಲ್ಲಿ. ೧೦ ಲೀಟರು ನೀರಿಗೆ ೬೦೦ ಗ್ರಾಂ ಉಪ್ಪು ಕೂಡಿಸಿದರೆ ತೂಕ ೧೦.೬ ಕಿಲೊ, ಆದ್ದರಿಂದ ಗುರುತ್ವ ೧.೦೬ ಎಂದು ಎಣಿಸುವುದು ಸುಲಭ. ಆದರೆ ಉಪ್ಪು ಕರಗಿದಾಗ ನೀರಿನ ಗಾತ್ರವೂ ಬೆಳೆದು ಸುಮಾರು ೧೦.೨ ಲೀಟರಾಗುತ್ತದೆ. ೧೦.೬ನ್ನು ೧೦.೨ರಿಂದ ಭಾಗಿಸಿದರೆ ಬರುವುದು ೧.೦೪ ಮಾತ್ರ! ೧.೦೬ ಬೇಕಾದರೆ ಒಣಗಿದ ಶುದ್ಧ ಉಪ್ಪು ಸುಮಾರು ೯೦೦ ಗ್ರಾಂ ಬೇಕು. ಪೇಟೆಯ ಹರಳುಪ್ಪಿನಲ್ಲಿ ತೇವವಿರುವುದರಿಂದ ಆ ಅಂಕವನ್ನೂ ನೆಚ್ಚುವಂತಿಲ್ಲ.

ಮೊಟ್ಟೆ ತೇಲಿಸಿ ನೋಡುವವರೂ ಉಂಟು. ಹೊಸ ಮೊಟ್ಟೆಯ ಗುರುತ್ವ ಸುಮಾರು ೧.೦೮, ಅದು ತೇಲಿತೆಂದರೆ ನೀರು ಆಗಲೇ ಅಳತೆ ಮೀರಿದೆ. ಹಳೆಯ ಮೊಟ್ಟೆಯೊಳಗೆ ಗಾಳಿ ಹೆಚ್ಚಿರುವುದರಿಂದ ಅದು ಬರಿಯ ನೀರಿನಲ್ಲಿಯೂ ತೇಲೀತು. ಇದಕ್ಕಿಂತ ಬಾಟಲಿ ಮತ್ತು ಅಂಗಡಿಯ ತಕ್ಕಡಿ ಸಾವಿರ ಪಾಲು ಲೇಸು. ಬರಿದಾದ ಬಾಟಲಿ ೩೦೦ ಗ್ರಾಂ, ಕಂಠದವರೆಗೆ ನೀರು ತುಂಬಿದಾಗ ೮೦೦, ಅಲ್ಲಿಯವರೆಗೇ ಉಪ್ಪುನೀರು ತುಂಬಿದಾಗ ೮೩೦ ಎಂದಿರಲಿ. ನೀರಿನ ತೂಕ ೫೦೦, ಉಪ್ಪುನೀರಿನದು ೫೩೦; ಭಾಗಾಕಾರ ೧.೦೬. ಕಡಿಮೆ ಬಂದರೆ ಉಪ್ಪು, ಹೆಚ್ಚು ಬಂದರೆ ನೀರು ಕೂಡಿಸತಕ್ಕದ್ದು.

ಬೈಲಹೊಂಗಲ, ಸವದತ್ತಿಗಳ ಎರೆಹೊಲದ ಹತ್ತಿಕಾಳಿಗೆ ಮಾತ್ರ ಈ ನ್ಯಾಯವು ನೇರವಾಗಿ ಸಲ್ಲದು. ಕಾಳಿಗೆ ಅಂಟಿದ ನವಿರಿನಲ್ಲಿ ಗಾಳಿ ಸಿಕ್ಕಿಕೊಂಡು ಗಟ್ಟಿಬೀಜವೂ ತೇಲುತ್ತದೆ. ಆಮ್ಲದಿಂದ ನವಿರು ತೆಗೆದ ಬೀಜಕ್ಕೆ ಬರಿಯ ನೀರೇ ಸಾಕಾಗುತ್ತದೆ.

ಮುಳುಗಿದ ಬೀಜವೆಲ್ಲ ಮೊಳೆಯುವುದೆಂದು ಮಾತ್ರ ತಿಳಿಯಬಾರದು. ಸತ್ತ ಹಳೆಯ ಬೀಜವೂ ತಳಕ್ಕೇ ಇಳಿಯುತ್ತದೆ; ನೂರು ಕಾಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುವ ಕೆಲಸವನ್ನು ಯಾವ ತಕ್ಕಡಿಯೂ ತಪ್ಪಿಸಲಾರದು. ಉಪ್ಪುನೀರಿನಿಂದ ತೆಗೆದ ಬೀಜವನ್ನು ತಡಮಾಡದೆ ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಹರವಬೇಕು.