ಓದುಗರ ಷರತ್ತಿಗೂ ಮರ್ಯಾದೆ ಇರಲಿ

ಪತ್ತೇದಾರಿ ಕಥೆಯನ್ನೋ ಮಾಯಾಲೋಕದ ಕಥೆಯನ್ನೋ ಇಷ್ಟಪಟ್ಟು ಓದುವ, ಆದರೆ ಲೈಂಗಿಕತೆಯ ಹಸಿಹಸಿ ವರ್ಣನೆ ಬೇಡವೆನ್ನುವ ಓದುಗರು ನಮ್ಮ ನಡುವೆ ಇದ್ದಾರೆ. ಅವರಿಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಸಿಗುತ್ತದೆ. ಮನೆಯ ಹಿರಿಯರು ‘ಅಂಥ ಪುಸ್ತಕವನ್ನೇ ಮುಟ್ಟಬೇಡ’ ಎನ್ನುತ್ತಾರೆ. ಸಾಹಿತ್ಯ ಬಲ್ಲವರು ‘ಈ ಕಾಲದಲ್ಲೂ ಇಷ್ಟು ಮಡಿವಂತಿಕೆಯೇ’ ಎಂದು ನಗುತ್ತಾರೆ. ಯಾವ ಪುಸ್ತಕವನ್ನು ಓದಬಹುದೆಂದು ಹೇಳುವವರು ಮಾತ್ರ ವಿರಳ.

ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಕಕ್ಕಿಂಜೆಯ ಪದವಿ ವಿದ್ಯಾರ್ಥಿನಿಯೊಬ್ಬಳು ಈಚೆಗೆ ನನ್ನನ್ನು ಕೇಳಿದ್ದು ಇದನ್ನೇ. ‘ಕೊಲೆ ಇದ್ದರೆ ಅಡ್ಡಿಯಿಲ್ಲ ಸರ್, ಆ ಪುಟಗಳು ಬೇಡ’ ಎಂಬುದು ಅವಳ ಷರತ್ತು. ಕೊಲೆಗೆ ಅನುಮತಿ, ಪ್ರಣಯಕ್ಕೆ ನಿರ್ಬಂಧ; ಇದು ಯಾವ ನ್ಯಾಯವೆಂದು ವಾದಿಸಬಹುದು. ಅರ್ಥಶಾಸ್ತ್ರ ಓದಿದವನಾದ ನನಗೆ ಆ ವಾದ ಅನಗತ್ಯವೆನಿಸಿತು. ಸಮಯ ಅವಳದು, ಅಭಿರುಚಿಯೂ ಅವಳದು. ಗಿರಾಕಿಯ ಆಯ್ಕೆಗೆ ಕಾರಣ ಕೇಳುವುದು ಅಂಗಡಿಯವನ ಕೆಲಸವಲ್ಲ.

ಹಾಗೆಂದು ಇದಕ್ಕೆ ‘ನಮ್ಮ ಸಂಸ್ಕೃತಿ’ಯ ಸಾಕ್ಷಿಯನ್ನು ಎಳೆದು ತರುವುದೂ ಬೇಡ. ಅಷ್ಟಾದಶ ವರ್ಣನೆಗಳ ನಮ್ಮ ಪ್ರಾಚೀನ ಕಾವ್ಯಗಳು ಶೃಂಗಾರಕ್ಕೆ ಅಂಜಿದವಲ್ಲ. ಜನ್ನನ ಯಶೋಧರ ಚರಿತೆಯನ್ನು ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದ್ದರಿಂದ ಈ ಹುಡುಗಿಯ ಷರತ್ತು ಒಬ್ಬ ಓದುಗಳ ಸ್ವಂತ ನಿರ್ಧಾರ, ಅಷ್ಟೇ. ಮರ್ಯಾದೆ ಸಲ್ಲಬೇಕಾದದ್ದೂ ಅದಕ್ಕೇ.

ಅವಳಿಗೆ ನಾನು ಹೇಳಿದ ಮೊದಲ ಹೆಸರು ಅವಳ ಊರಿನ ನೆತ್ತಿಯ ಮೇಲೆಯೇ ಇದೆ. ಕಕ್ಕಿಂಜೆಯಿಂದ ಘಾಟಿ ಹತ್ತಿದರೆ ಕೊಟ್ಟಿಗೆಹಾರ, ಅಲ್ಲಿಂದ ಮುಂದೆ ಮೂಡಿಗೆರೆ: ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೆ ಬದುಕಿ ಬರೆದ ಸೀಮೆ. ಅವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ, ಜೇನು ಹುಡುಕುವ ಮಂದಣ್ಣ ಮತ್ತು ಇನ್ನು ಕೆಲವರು ಹಾರುವ ಓತಿಯೊಂದರ ಬೆನ್ನು ಹತ್ತಿ ಕಾಡು ಹೊಗುತ್ತಾರೆ. ಕೊಲೆಗಾರನ ಬೆನ್ನಟ್ಟುವ ಎಷ್ಟೋ ಕಥೆಗಳಲ್ಲಿ ಸಿಗದ ಕುತೂಹಲ ಈ ಓತಿಯ ಬೆನ್ನಟ್ಟುವಿಕೆಯಲ್ಲಿದೆ. ಅದು ಕೈಗೆ ಸಿಕ್ಕಿತೇ ಎಂಬುದನ್ನು ಇಲ್ಲಿ ಹೇಳಿದರೆ ಓದದವರಿಗೆ ಅನ್ಯಾಯವಾದೀತು. ‘ಜುಗಾರಿ ಕ್ರಾಸ್’ (1994) ನೇರವಾಗಿ ಥ್ರಿಲ್ಲರ್. ಏಲಕ್ಕಿ ಮಾರಲು ಹೊರಟ ಎಳೆಯ ದಂಪತಿ ಸುಮಾರು ಒಂದು ದಿನದ ಅವಧಿಯಲ್ಲಿ ಕಾಡುಗಳ್ಳರ ಲೋಕದ ಸುಳಿಗೆ ಸಿಲುಕುವ ಕಥೆ. ಹಿಂಸೆ ಇದೆ, ಒರಟು ಮಾತಿದೆ, ಮಲೆನಾಡಿನ ಏಲಕ್ಕಿ ವ್ಯಾಪಾರದ ಒಳಮರ್ಮವೂ ಇದೆ. ಈ ಕೊನೆಯದು ಅರ್ಥಶಾಸ್ತ್ರದ ತರಗತಿಯಲ್ಲಿ ಪಾಠ ಮಾಡಲು ಯೋಗ್ಯವಾದದ್ದೆಂಬುದು ನನ್ನ ಖಾಸಗಿ ಅಭಿಪ್ರಾಯ. ನರಭಕ್ಷಕಗಳ ಬೇಟೆಯ ಕುರಿತ ಕೆನೆತ್ ಆಂಡರ್ಸನ್ನನ ಬರಹಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ರಾತ್ರಿ ಒಬ್ಬರೇ ಕುಳಿತು ಓದುವವರ ಎದೆ ನಡುಗಿಸಬಲ್ಲವು. ಅಲ್ಲಿ ರಕ್ತವಿದೆ, ಬೇರೇನಿಲ್ಲ.

ಇತಿಹಾಸದ ಒಗಟು ಬೇಕೆನ್ನುವವರಿಗೆ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’, ‘ಕರಿಸಿರಿಯಾನ’ ಇವೆ. ಹೊಯ್ಸಳ ಶಿಲ್ಪದ ಕೈಯಲ್ಲಿರುವುದು ಮುಸುಕಿನ ಜೋಳವೇ ಎಂಬ ಒಣ ಪ್ರಶ್ನೆಯಿಂದಲೂ ರೋಚಕ ಕಥೆ ಹುಟ್ಟಬಲ್ಲದೆಂದು ಮೊದಲನೆಯದು ತೋರಿಸುತ್ತದೆ. ಇವರನ್ನು ಹೋಲಿಸುವುದು ಡ್ಯಾನ್ ಬ್ರೌನ್‌ಗೆ. ಆದರೆ ‘ಡಾ ವಿಂಚಿ ಕೋಡ್’ನಲ್ಲಿ (2003) ಈ ಓದುಗಳು ಬೇಡವೆನ್ನುವ ಪ್ರಸಂಗವೊಂದಿದೆ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನು ಕೊಡಲೂ ನಾನು ಹಿಂಜರಿದೆ. ಮಾಟಕ್ಕೆ ಸಿಕ್ಕ ಮಗುವಿನ ಯಾತನೆಯನ್ನು ಸಹಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಮಾಯಾಲೋಕದ ಕಾದಂಬರಿಯಲ್ಲಿ ಕನ್ನಡ ಬಡವಾಗಿದೆಯೆಂದು ಒಪ್ಪಿಕೊಳ್ಳಬೇಕು. ‘ಚಂದಮಾಮ’ದ ಧಾರಾವಾಹಿಗಳನ್ನು ಓದಿ ಬೆಳೆದ ನಮ್ಮ ತಲೆಮಾರು ಅದನ್ನು ಮುಂದುವರಿಸಲಿಲ್ಲ. ಇಂಗ್ಲಿಷ್ ಓದಬಲ್ಲವರಿಗೆ ಟೋಲ್ಕಿನ್ನನ ‘ದಿ ಹಾಬಿಟ್’ (1937), ಉರ್ಸುಲಾ ಲೆ ಗ್ವಿನ್‌ರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ (1968) ನಿಶ್ಚಿಂತೆಯಿಂದ ಕೊಡಬಹುದಾದವು. ‘ಗೇಮ್ ಆಫ್ ಥ್ರೋನ್ಸ್’ ನೋಡಿ ಮಾಯಾಲೋಕದ ಕಥೆಯೆಂದರೆ ಅಷ್ಟೇ ಎಂದುಕೊಂಡವರು ಈ ಎರಡನ್ನು ಓದಬೇಕು.

ಈ ಸಲಹೆ ಈಗ ಏಕೆ ಬೇಕಾಗಿದೆ? ಹಿಂದೆ ಅದನ್ನು ಮಾರುಕಟ್ಟೆಯೇ ಪರೋಕ್ಷವಾಗಿ ಮಾಡುತ್ತಿತ್ತು. ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳು, ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರ ಪತ್ತೇದಾರಿಗಳು, ಟಿ.ಕೆ. ರಾಮರಾಯರ ಕಾದಂಬರಿಗಳು ಬಾಡಿಗೆ ಲೈಬ್ರರಿಯಿಂದ ಮನೆಗೆ ಬರುತ್ತಿದ್ದವು. 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’ದಂಥ ವಾರಪತ್ರಿಕೆಯ ಒಂದು ಪ್ರತಿಯನ್ನು ಅಜ್ಜಿಯಿಂದ ಮೊಮ್ಮಗಳವರೆಗೆ ಐದಾರು ಮಂದಿ ಓದುತ್ತಿದ್ದರು. ಮನೆಮಂದಿಯೆಲ್ಲ ಓದುವ ಸರಕನ್ನು ಎಲ್ಲರಿಗೂ ಒಪ್ಪುವಂತೆ ಬರೆಯುವುದು ಲೇಖಕ, ಸಂಪಾದಕರಿಬ್ಬರಿಗೂ ಲಾಭದಾಯಕವಾಗಿತ್ತು. ಆ ಜರಡಿ ಹೇಳಲೇಬೇಕಾದ ಎಷ್ಟೋ ಸತ್ಯಗಳನ್ನೂ ತಡೆಹಿಡಿದಿದ್ದೀತು. ಅದರ ಬಗ್ಗೆ ನನಗೆ ಹಳಹಳಿಕೆಯಿಲ್ಲ. ಈಗ ಓದು ಅಂಗೈಯ ಮೊಬೈಲಿನಲ್ಲಿದೆ, ಒಬ್ಬೊಬ್ಬರೂ ಒಂಟಿಯಾಗಿ ಓದುತ್ತಾರೆ. ಜರಡಿ ಹೋಯಿತು, ಅದರ ಜಾಗಕ್ಕೆ ಮಾಹಿತಿ ಬರಲಿಲ್ಲ.

ಚಲನಚಿತ್ರಕ್ಕೆ ಇರುವಂತೆ ಪುಸ್ತಕಕ್ಕೂ ಪ್ರಮಾಣಪತ್ರ ಬೇಕೆಂದು ಕೆಲವರು ಕೇಳುವುದುಂಟು. ಸರ್ಕಾರಿ ಕಡತಗಳ ನಡುವೆ ಆಯುಷ್ಯ ಕಳೆದವನಾಗಿ ಹೇಳುತ್ತೇನೆ, ಅದು ಬೇಡವೇ ಬೇಡ. ಪ್ರಮಾಣಪತ್ರ ಕೊಡುವ ಅಧಿಕಾರ ಬಂದ ಕೂಡಲೇ ತಡೆಯುವ ಅಧಿಕಾರವೂ ಅದರ ಬೆನ್ನಿಗೇ ಬರುತ್ತದೆ. ಮೊದಲು ಬಲಿಯಾಗುವುದು ಒಳ್ಳೆಯ ಪುಸ್ತಕವೇ.

ಬೇಕಾದದ್ದು ಇದಕ್ಕಿಂತ ಸರಳವಾದುದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಇಂದು ‘ಅರಿವು ಕೇಂದ್ರ’ಗಳೆನಿಸಿವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಅಲ್ಲಿಯ ಕಾದಂಬರಿಗಳ ಹಿಂಬದಿಯ ರಟ್ಟಿಗೆ ಒಂದು ಚೀಟಿ ಅಂಟಿಸಿ, ಓದಿ ಮುಗಿಸಿದವರು ಎರಡು ಸಾಲು ಬರೆಯಲಿ: ರಕ್ತಪಾತ ಎಷ್ಟಿದೆ, ಶಯ್ಯಾಗೃಹ ಇದೆಯೇ, ಮಕ್ಕಳಿಗೆ ಭಯವಾದೀತೇ. ಆ ಪುಟಗಳಿಗಾಗಿಯೇ ಪುಸ್ತಕ ಹುಡುಕುವವರಿಗೂ ಚೀಟಿ ದಾರಿ ತೋರಿಸುತ್ತದಲ್ಲ ಎಂದು ಗ್ರಂಥಪಾಲಕ ಮಿತ್ರರೊಬ್ಬರು ಆಕ್ಷೇಪಿಸಿದರು. ತೋರಿಸಲಿ, ಅವರೂ ಓದುಗರೇ. ಕಕ್ಕಿಂಜೆಯ ಹುಡುಗಿ ಸದ್ಯ ‘ಜುಗಾರಿ ಕ್ರಾಸ್’ ಓದುತ್ತಿದ್ದಾಳೆ. ಮುಗಿದ ಮೇಲೆ ಮೊದಲ ಚೀಟಿಯನ್ನು ತಾನೇ ಬರೆಯುತ್ತೇನೆ ಎಂದಿದ್ದಾಳೆ.