ಸಂಪಾದನೆಯೆಂಬ ಹೊಣೆ: ವಿಕಿಪೀಡಿಯ ಮತ್ತು ಕನ್ನಡ ವಿಭಾಗಗಳು

ಕನ್ನಡ ವಿಕಿಪೀಡಿಯದ ಬಹುಪಾಲು ಪುಟಗಳ ಮೇಲ್ಭಾಗದಲ್ಲಿ ‘ಸಂಪಾದಿಸಿ’ ಎಂಬ ಪದ ಕಾಣುತ್ತದೆ. ಕನ್ನಡ ಅಧ್ಯಯನದ ಹಿನ್ನೆಲೆಯುಳ್ಳವರಿಗೆ ಇದು ಹಗುರವಾದ ಪದವಲ್ಲ. ದೊರೆತ ಹಸ್ತಪ್ರತಿಗಳನ್ನೆಲ್ಲ ಕಲೆಹಾಕಿ, ಪಾಠಾಂತರಗಳನ್ನು ಹೋಲಿಸಿ, ಲಿಪಿಕಾರರ ಸ್ಖಾಲಿತ್ಯಗಳನ್ನು ಗುರುತಿಸಿ, ಸ್ವೀಕೃತ ಪಾಠಕ್ಕೆ ಆಧಾರವನ್ನು ತೋರಿಸುವ ಕಾರ್ಯಕ್ಕೆ ನಾವು ಆ ಹೆಸರನ್ನು ಮೀಸಲಿಟ್ಟಿದ್ದೇವೆ. ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಈ ಕಾರ್ಯಕ್ಕೆ ಶಾಸ್ತ್ರದ ನೆಲೆಯನ್ನು ಒದಗಿಸಿದರು. ಅಂತಹ ಪದವೊಂದು ಯಾರು ಬೇಕಾದರೂ ಒತ್ತಬಹುದಾದ ಗುಂಡಿಯ ಹೆಸರಾಗಿರುವುದನ್ನು ಕಂಡು ವಿದ್ವಾಂಸರಲ್ಲಿ ಹಲವರು ಮುಗುಳ್ನಕ್ಕು ಸುಮ್ಮನಾಗಿದ್ದಾರೆ. ಹಾಗೆ ಸುಮ್ಮನಾದದ್ದು ತಪ್ಪೆಂಬುದು ಪ್ರಸ್ತುತ ಲೇಖನದ ನಿಲುವು. ಸ್ವಯಂಸೇವಕರು ಕೂಡಿ ಬರೆಯುವ ವಿಶ್ವಕೋಶದಲ್ಲಿ ಲೇಖನದ ಗುಣಮಟ್ಟ ಮೊದಲು ಬರೆದವರಿಗಿಂತ ಅನಂತರ ತಿದ್ದಿದವರನ್ನು ಅವಲಂಬಿಸಿರುತ್ತದೆ. ಕನ್ನಡದಲ್ಲಿ ಇಂದು ಕೊರತೆಯಿರುವುದು ಆ ಎರಡನೆಯ, ಮೂರನೆಯ ಕೈಗಳದು.

ವಿಕಿಪೀಡಿಯಕ್ಕೆ ಮುನ್ನ ಅದರ ಸ್ಥಾಪಕರು ನುಪೀಡಿಯ ಎಂಬ ಯತ್ನವೊಂದನ್ನು ಕೈಗೊಂಡಿದ್ದರು. 2000ದಲ್ಲಿ ಆರಂಭವಾದ ಅದರಲ್ಲಿ ತಜ್ಞರು ಬರೆದ ಲೇಖನ ಏಳು ಹಂತಗಳ ಪರಿಶೀಲನೆಯನ್ನು ದಾಟಿದ ಮೇಲೆಯೇ ಪ್ರಕಟವಾಗಬೇಕಿತ್ತು. 2003ರಲ್ಲಿ ಅದು ನಿಂತುಹೋದಾಗ ಎಲ್ಲ ಹಂತಗಳನ್ನು ದಾಟಿದ ಲೇಖನಗಳ ಸಂಖ್ಯೆ ಮೂವತ್ತನ್ನೂ ಮುಟ್ಟಿರಲಿಲ್ಲ. ಅದಕ್ಕೆ ಪೂರಕವಾಗಿ 2001ರ ಜನವರಿ 15ರಂದು ಆರಂಭವಾದ ವಿಕಿಪೀಡಿಯ ಈ ಕ್ರಮವನ್ನು ತಿರುವುಮುರುವು ಮಾಡಿತು. ಮೊದಲು ಪ್ರಕಟಣೆ, ಆಮೇಲೆ ಪರಿಶೀಲನೆ ಎಂಬುದು ಅದರ ಪದ್ಧತಿಯಾಯಿತು. ಪರಿಶೀಲನೆಯನ್ನು ಕೈಬಿಡಲಾಗಿದೆ ಎಂಬ ನಮ್ಮಲ್ಲಿನ ಸಾಮಾನ್ಯ ತಿಳಿವಳಿಕೆ ಸರಿಯಲ್ಲ; ಅದನ್ನು ಮುಂದೆ ಬರುವವರ ವಿವೇಕಕ್ಕೆ ಬಿಡಲಾಗಿದೆ. ಮುಂದೆ ಯಾರೂ ಬಾರದಿದ್ದರೆ ಏನಾಗುತ್ತದೆ ಎಂಬುದೇ ಪ್ರಶ್ನೆ.

ಈ ಪದ್ಧತಿಯ ಎರಡೂ ಮುಖಗಳು 2005ರಲ್ಲಿಯೇ ಪ್ರಕಟಗೊಂಡವು. ಆ ವರ್ಷದ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯು ವಿಜ್ಞಾನದ 42 ವಿಷಯಗಳ ಮೇಲಿನ ಲೇಖನಗಳನ್ನು ತಜ್ಞರಿಂದ ಪರೀಕ್ಷೆ ಮಾಡಿಸಿದಾಗ, ಇಂಗ್ಲಿಷ್ ವಿಕಿಪೀಡಿಯದಲ್ಲಿ 162 ಹಾಗೂ ಎನ್‌ಸೈಕ್ಲೊಪೀಡಿಯ ಬ್ರಿಟಾನಿಕದಲ್ಲಿ 123 ತಪ್ಪು, ಲೋಪಗಳು ಕಂಡುಬಂದವು. ಬ್ರಿಟಾನಿಕ ಸಂಸ್ಥೆಯು ಮರುವರ್ಷ ಈ ಪರೀಕ್ಷೆಯ ವಿಧಾನವನ್ನೇ ಆಕ್ಷೇಪಿಸಿತು. ಆದರೂ ಹವ್ಯಾಸಿಗಳು ತಿದ್ದಿ ತೀಡಿದ ಕೋಶವೊಂದು ತಜ್ಞರ ಕೋಶಕ್ಕೆ ಇಷ್ಟು ಹತ್ತಿರ ಬರಬಹುದೆಂಬುದು ಅನೇಕರಿಗೆ ಅನಿರೀಕ್ಷಿತವಾಗಿತ್ತು. ಅದೇ ವರ್ಷ ಅಮೆರಿಕದ ಪತ್ರಕರ್ತ ಜಾನ್ ಸೀಗೆಂತಾಲರ್ ಅವರನ್ನು ಕೆನಡಿ ಸೋದರರ ಹತ್ಯೆಯೊಂದಿಗೆ ತಳುಕುಹಾಕಿದ ಸುಳ್ಳು ಬರಹವೊಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿಂಗಳುಗಟ್ಟಲೆ ಉಳಿದಿತ್ತು. ಎರಡೂ ಒಂದೇ ಕೋಶದ ಸಂಗತಿಗಳು. ಹಲವರು ಹಾಯ್ದುಹೋಗುವ ಪುಟದಲ್ಲಿ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಯಾರೂ ಸುಳಿಯದ ಪುಟದಲ್ಲಿ ಅದು ಬೇರೂರುತ್ತದೆ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. 2011ರ ಜನಗಣತಿಯಂತೆ ಸುಮಾರು 4.37 ಕೋಟಿ ಜನರ ಮಾತೃಭಾಷೆಗೆ ಇದು ದೊಡ್ಡ ಸಂಖ್ಯೆಯಲ್ಲ. ಆದರೆ ಸಂಖ್ಯೆಯನ್ನು ಹೆಚ್ಚಿಸುವುದೊಂದೇ ಪರಿಹಾರವೆಂಬ ಉತ್ಸಾಹವನ್ನು ಒಪ್ಪಲಾಗದು. ಫಿಲಿಪ್ಪೀನ್ಸಿನ ಸೆಬುವಾನೊ ಭಾಷೆಯ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಅವುಗಳಲ್ಲಿ ಬಹುಪಾಲನ್ನು ರಚಿಸಿದ್ದು ಒಂದು ಗಣಕ ಕ್ರಮವಿಧಿ. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆ ಭಾಷೆಯನ್ನೇ ಸರಿಯಾಗಿ ಅರಿಯದ ಅಮೆರಿಕದ ತರುಣನೊಬ್ಬ ಹಲವು ವರ್ಷಗಳ ಕಾಲ ಸಾವಿರಾರು ಲೇಖನಗಳನ್ನು ಬರೆದದ್ದು 2020ರಲ್ಲಿ ಬಯಲಾಯಿತು. ಆತನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆ ಭಾಷೆಯನ್ನು ಬಲ್ಲವರು ಆ ಪುಟಗಳನ್ನು ಓದಿ ತಿದ್ದದೆ ಉಳಿದದ್ದೇ ಅನಾಹುತದ ಮೂಲ.

ಕನ್ನಡಕ್ಕೂ ಇದರ ಅನುಭವವಿದೆ. 2009ರಿಂದ 2011ರವರೆಗೆ ಗೂಗಲ್ ಸಂಸ್ಥೆಯು ತನ್ನ ಅನುವಾದ ಸಲಕರಣೆಯ ನೆರವಿನಿಂದ, ಸಂಭಾವನೆ ಪಡೆದ ಅನುವಾದಕರ ಮೂಲಕ, ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು, ಹಿಂದಿ ಮೊದಲಾದ ವಿಕಿಪೀಡಿಯಗಳಿಗೆ ಸೇರಿಸಿತು. ತಮಿಳಿನ ಸ್ವಯಂಸೇವಕರು ಈ ಯೋಜನೆಯ ವಿಮರ್ಶೆಯನ್ನು 2010ರಲ್ಲಿ ಪೋಲೆಂಡಿನಲ್ಲಿ ನಡೆದ ವಿಕಿಮೇನಿಯ ಸಮ್ಮೇಳನದಲ್ಲಿ ಮಂಡಿಸಿದರು. ಭಾಷೆಯ ಕೃತಕತೆ, ವಿಷಯಗಳ ಆಯ್ಕೆಯಲ್ಲಿ ಓದುಗರ ಅಗತ್ಯದ ಕಡೆಗಣನೆ ಇವು ಅವರ ಆಕ್ಷೇಪಗಳಲ್ಲಿ ಮುಖ್ಯವಾದವು. ಕನ್ನಡಕ್ಕೆ ಬಂದ ಲೇಖನಗಳು ಉದ್ದವಾಗಿದ್ದವು, ಆಧಾರಗಳಿಂದ ಕೂಡಿದ್ದವು. ಆದರೆ ಅವುಗಳ ವಾಕ್ಯಗಳು ಕನ್ನಡದವಾಗಿರಲಿಲ್ಲ. ಕನ್ನಡದಲ್ಲಿ ವಿಶೇಷಣ ವಾಕ್ಯಾಂಶವು ನಾಮಪದಕ್ಕೆ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಅನಂತರ. ಇಂಗ್ಲಿಷಿನ ಮೂರು ಮಡಿಕೆಯ ವಾಕ್ಯವನ್ನು ಬಿಡಿಸಿ ಮೂರು ವಾಕ್ಯಗಳನ್ನಾಗಿಸದೆ ಹಾಗೆಯೇ ಮಗುಚಿದರೆ ಓದುಗನು ಕರ್ತೃವನ್ನು ತಲುಪುವಷ್ಟರಲ್ಲಿ ಆರಂಭವನ್ನು ಮರೆತಿರುತ್ತಾನೆ. ಕೇಶಿರಾಜನನ್ನು ಪಾಠ ಹೇಳುವ ಯಾವ ಅಧ್ಯಾಪಕರಾದರೂ ಇಂತಹ ವಾಕ್ಯವನ್ನು ಕ್ಷಣಾರ್ಧದಲ್ಲಿ ಸರಿಪಡಿಸಬಲ್ಲರು. ಆ ಕ್ಷಣಾರ್ಧವನ್ನು ನಾವು ಕೊಡಲಿಲ್ಲ.

ತಜ್ಞರ ಬರಹವನ್ನೇ ತಂದು ಸೇರಿಸಿದರೂ ಸಂಪಾದನೆಯ ಅಗತ್ಯ ತಪ್ಪುವುದಿಲ್ಲ ಎಂಬುದಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ನಿದರ್ಶನ. 1969ರಲ್ಲಿ ಮೊದಲ ಸಂಪುಟವನ್ನು ಕಂಡು, 14 ಸಂಪುಟಗಳಲ್ಲಿ ಪೂರ್ಣಗೊಂಡ ಆ ಮಹತ್ಕಾರ್ಯದ ಸಾಮಗ್ರಿಯನ್ನು ಮುಕ್ತ ಪರವಾನಗಿಯಡಿ ಬಳಸಲು 2014ರಲ್ಲಿ ವಿಶ್ವವಿದ್ಯಾನಿಲಯವು ಅವಕಾಶ ನೀಡಿತು. ಇದು ಅನುಕರಣೀಯವಾದ ಔದಾರ್ಯ. ಆದರೆ ಮೊದಲ ಸಂಪುಟ ಹೊರಬಂದಾಗ ನಮ್ಮ ರಾಜ್ಯದ ಹೆಸರು ಮೈಸೂರು, ಜಿಲ್ಲೆಗಳು 19. ರಾಜ್ಯ 1973ರಲ್ಲಿ ಕರ್ನಾಟಕವಾಯಿತು. ವಿಜಯನಗರದ ರಚನೆಯೊಂದಿಗೆ 2021ರಲ್ಲಿ ಜಿಲ್ಲೆಗಳು 31 ಆದವು. ಅಂದು ಸತ್ಯವಾಗಿದ್ದ ವಾಕ್ಯ ಇಂದಿನ ಪುಟಕ್ಕೆ ಹಾಗೆಯೇ ಬಂದರೆ ತಪ್ಪು ವಾಕ್ಯವಾಗುತ್ತದೆ. ಮುದ್ರಿತ ಸಂಪುಟಕ್ಕೆ ತನ್ನ ಕಾಲವನ್ನು ಹೇಳುವ ಮುಖಪುಟವಿದೆ. ಅದರಿಂದ ಬಿಡಿಸಿ ತಂದ ಬಿಡಿ ಲೇಖನಕ್ಕೆ ಆ ರಕ್ಷಣೆಯಿಲ್ಲ.

ಹಲವು ಕೈಗಳಲ್ಲಿ ಕೃತಿಯೊಂದು ಬೆಳೆಯುವುದು ನಮಗೆ ಹೊಸತಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ ರೂಪಿಸಿದ ಶೂನ್ಯಸಂಪಾದನೆಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಪರಿಷ್ಕರಿಸಿ ತಮ್ಮ ತಮ್ಮ ಆವೃತ್ತಿಗಳನ್ನು ನೀಡಿದರು. ಹಿಂದಿನವರನ್ನು ಗೌರವಿಸುವುದೂ ಅವರ ಪಾಠವನ್ನು ತಿದ್ದುವುದೂ ಪರಸ್ಪರ ವಿರುದ್ಧವಲ್ಲವೆಂಬ ಅರಿವು ಆ ಪರಂಪರೆಯಲ್ಲಿತ್ತು. ಹಸ್ತಪ್ರತಿಗಳಲ್ಲಿ ಲಿಪಿಕಾರನು ಏನನ್ನು ಬದಲಿಸಿದನೆಂಬುದನ್ನು ಪ್ರತಿಗಳ ಹೋಲಿಕೆಯಿಂದ ಊಹಿಸಬೇಕಾಗುತ್ತದೆ. ವಿಕಿಪೀಡಿಯದ ‘ಇತಿಹಾಸ’ ಪುಟದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ, ವೇಳೆಗಳ ಸಹಿತ ದಾಖಲಾಗಿರುತ್ತದೆ. ಹಿಂದಿನ ಯಾವ ಪಾಠವನ್ನಾದರೂ ಮರಳಿ ಪಡೆಯಬಹುದು. ಭಿನ್ನಾಭಿಪ್ರಾಯಕ್ಕೆ ಪ್ರತಿ ಲೇಖನಕ್ಕೂ ಚರ್ಚೆಪುಟವಿದೆ. ಸಮುದಾಯದ ಮಾತುಕತೆಗೆ ‘ಅರಳಿ ಕಟ್ಟೆ’ ಎಂಬ ಸೊಗಸಾದ ಹೆಸರಿನ ಪುಟವಿದೆ. ಗ್ರಂಥಸಂಪಾದಕನು ಬಯಸುವ ಸಲಕರಣೆಗಳೆಲ್ಲ ಅಲ್ಲಿ ಸಿದ್ಧವಾಗಿವೆ. ಅಲ್ಲಿ ಕಾಣದಿರುವವನು ಗ್ರಂಥಸಂಪಾದಕನೊಬ್ಬನೇ.

ವಿದ್ವಾಂಸರ ಆಕ್ಷೇಪಗಳನ್ನು ಅಲ್ಲಗಳೆಯಲಾಗದು. ವರ್ಷಗಟ್ಟಲೆ ಶಾಸನಗಳನ್ನು ಓದಿದವರ ಮಾತಿಗೂ ನಿನ್ನೆ ಬಂದವರ ಮಾತಿಗೂ ಅಲ್ಲಿ ಒಂದೇ ತೂಕ; ಆ ದುಡಿಮೆ ಪದೋನ್ನತಿಗೆ ನೆರವಾಗುವುದೂ ಇಲ್ಲ. ಆದರೆ ಮೊದಲ ಆಕ್ಷೇಪಕ್ಕೆ ಉತ್ತರ ಆ ಕೋಶದ ನಿಯಮಗಳಲ್ಲಿಯೇ ಇದೆ. ನಿಷ್ಪಕ್ಷಪಾತ ನಿರೂಪಣೆ, ಪರಿಶೀಲನಾರ್ಹತೆ, ಸ್ವಂತ ಸಂಶೋಧನೆಗೆ ಎಡೆಯಿಲ್ಲದಿರುವುದು ಎಂಬ ಮೂರು ಅದರ ಮೂಲಭೂತ ನಿಯಮಗಳು. ಅಲ್ಲಿ ಹೇಳುವವರ ಪದವಿಗಿಂತ ತೋರಿಸುವ ಆಧಾರ ಮುಖ್ಯ. ಆಧಾರವನ್ನು ಒದಗಿಸುವುದರಲ್ಲಿ ಶಾಸನತಜ್ಞರನ್ನು ಮೀರಿಸುವವರು ಯಾರು? ಹೊಸ ಸಂಶೋಧನೆ ಮೊದಲು ಪ್ರಕಟವಾಗಬೇಕಾದುದು ಪ್ರಸ್ತುತ ಪತ್ರಿಕೆಯಂತಹ ಕಡೆಗಳಲ್ಲಿಯೇ. ಆದರೆ ನಮ್ಮ ಸಂಶೋಧನ ಪತ್ರಿಕೆಗಳ ಹಳೆಯ ಸಂಚಿಕೆಗಳು ಗ್ರಂಥಾಲಯದ ಕಪಾಟು ಬಿಟ್ಟು ಕದಲದಿದ್ದರೆ, ಊರಿನ ಹೆಸರಿನ ನಿಷ್ಪತ್ತಿಗೆ ಸ್ವಯಂಸೇವಕನು ಪ್ರವಾಸಿ ಕೈಪಿಡಿಯ ದಂತಕಥೆಯನ್ನು ಆಧಾರವಾಗಿ ಹಿಡಿದರೆ ದೂಷಿಸಬೇಕಾದುದು ಅವನನ್ನಲ್ಲ.

ವಿದ್ಯಾರ್ಥಿಗಳಿಂದ ಬರೆಸುವ ಪ್ರಯೋಗಗಳು ನಡೆಯದೆ ಇಲ್ಲ. ಆದರೆ ಅಂಕಗಳಿಗಾಗಿ ಬರೆಸಿದಾಗ ಏನಾಗುತ್ತದೆಂಬುದಕ್ಕೆ ಪುಣೆಯ ಕೆಲವು ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕಾಗಿ 2011ರಲ್ಲಿ ನಡೆದ ಯೋಜನೆ ಎಚ್ಚರಿಕೆಯಾಗಬೇಕು. ನಕಲು ಮಾಡಿದ ಬರಹಗಳು ವ್ಯಾಪಕವಾಗಿ ಕಂಡುಬಂದು ಆ ಪ್ರಯೋಗವನ್ನು ಅದೇ ವರ್ಷ ನಿಲ್ಲಿಸಬೇಕಾಯಿತು. ಅಂಕಗಳಿಗಾಗಿ ಹೊಸ ಬರಹವನ್ನು ಸೃಷ್ಟಿಸಬೇಕೆಂಬ ಒತ್ತಡವೇ ನಕಲಿಗೆ ದಾರಿಯೆಂದು ತೋರುತ್ತದೆ. ಸ್ನಾತಕೋತ್ತರ ತರಗತಿಯ ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ, ಈಗಾಗಲೇ ಇರುವ ಲೇಖನವೊಂದನ್ನು ಮೂವರಿಗೆ ಒಪ್ಪಿಸುವುದು ಮೇಲು. ಒಬ್ಬರು ಪ್ರತಿ ಹೇಳಿಕೆಯನ್ನೂ ಮುದ್ರಿತ ಆಕರದೊಡನೆ ಒರೆಗೆ ಹಚ್ಚಲಿ. ಇನ್ನೊಬ್ಬರು ವಾಕ್ಯಗಳನ್ನು ಕನ್ನಡಿಸಲಿ. ಮತ್ತೊಬ್ಬರು ವಿವಾದಾಸ್ಪದ ಅಂಶಗಳನ್ನು ಚರ್ಚೆಪುಟದಲ್ಲಿ ಮಂಡಿಸಿ ಬಂದ ಉತ್ತರಗಳನ್ನು ಎದುರಿಸಲಿ. ಮೌಲ್ಯಮಾಪನಕ್ಕೆ ಇತಿಹಾಸ ಪುಟವೇ ಸಾಕ್ಷಿ. ಅಧ್ಯಾಪಕರು ತಮ್ಮ ಅಧ್ಯಯನಕ್ಷೇತ್ರದ ಹತ್ತು ಲೇಖನಗಳ ಮೇಲೆ ಕಣ್ಣಿಟ್ಟಿದ್ದರೂ ಸಾಕು, ಹಳಗನ್ನಡ ಕವಿಗಳು, ಶಾಸನಗಳು, ಛಂದಸ್ಸು, ಜಾನಪದ ಇವುಗಳ ಪುಟಗಳ ರೂಪ ಕೆಲವೇ ವರ್ಷಗಳಲ್ಲಿ ಬದಲಾದೀತು.

ಈ ಕಾರ್ಯವನ್ನು ಮುಂದೂಡುವಂತಿಲ್ಲ. ಪಂಪನನ್ನೋ ರಾಘವಾಂಕನನ್ನೋ ಕುರಿತು ಇಂದಿನ ವಿದ್ಯಾರ್ಥಿ ಮೊದಲು ಓದುವುದು ನಮ್ಮ ಗ್ರಂಥಗಳನ್ನಲ್ಲ, ಆ ಪುಟಗಳನ್ನು. ಮನುಷ್ಯರಂತೆ ಬರೆಯುವ ಗಣಕ ವ್ಯವಸ್ಥೆಗಳೂ ಭಾಷೆಯನ್ನು ಕಲಿಯಲು ವಿಕಿಪೀಡಿಯದ ಪಠ್ಯಗಳನ್ನು ಬಳಸುತ್ತವೆ. ಇಂದು ತಿದ್ದದೆ ಬಿಟ್ಟ ವಾಕ್ಯ ನಾಳೆ ಅವುಗಳಿಗೆ ಮಾದರಿಯಾಗಿ, ಕನ್ನಡವೆಂಬ ಹೆಸರಿನಲ್ಲಿ ನಮ್ಮ ಮಕ್ಕಳ ಮುಂದೆ ಮರಳಿ ಬರುತ್ತದೆ. ಯಾವ ಸಂಭಾವನೆಯೂ ಇಲ್ಲದೆ ರಾತ್ರಿಯ ನಿದ್ದೆಗೆಟ್ಟು ಬರೆದ ಸ್ವಯಂಸೇವಕರು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದಾರೆ. ಅದರಲ್ಲಿ ತಪ್ಪುಗಳಿವೆಯೆಂದು ತರಗತಿಯಲ್ಲಿ ಹೇಳುವ ಹಕ್ಕು ನಮಗಿರಬಹುದು. ಆ ತಪ್ಪನ್ನು ಕಂಡೂ ತಿದ್ದದೆ ಪುಟವನ್ನು ಮುಚ್ಚುವ ಹಕ್ಕು ಸಂಪಾದನೆಯನ್ನು ಬೋಧಿಸುವವರಿಗಿಲ್ಲ.