ಮುದ್ರೆ ಹೇಳದ ಕಾಫಿಯ ರುಚಿ

ಕಾಫಿ ಪೊಟ್ಟಣದ ಮೇಲಿನ ಸಾವಯವ ಮುದ್ರೆ ಬೇಸಾಯದ ಕ್ರಮಕ್ಕೆ ಸಾಕ್ಷಿ. ನ್ಯಾಯಯುತ ವ್ಯಾಪಾರದ ಮುದ್ರೆ ಬೆಳೆಗಾರರ ಸಂಘಕ್ಕೆ ಸಲ್ಲುವ ಕನಿಷ್ಠ ಬೆಲೆಗೆ. ರುಚಿಗೆ ಎರಡೂ ಹೊಣೆಯಲ್ಲ. ಮಾಗಿದ ಹಣ್ಣನ್ನಷ್ಟೇ ಆರಿಸಿ ಕೊಯ್ದು, ಕಣದಲ್ಲಿ ಜತನದಿಂದ ಒಣಗಿಸಿ, ಹದವಾಗಿ ಹುರಿದರೆ ಮಾತ್ರ ಅದು ದಕ್ಕುತ್ತದೆ. ಒಂದೇ ಗಿಡಕ್ಕೆ ಹಲವು ಸಲ ಆಳು ಕಳುಹಿಸಬೇಕಾದ ಈ ಕೊಯ್ಲು ದುಬಾರಿ.

ಕೊಡಗು, ಚಿಕ್ಕಮಗಳೂರಿನ ಸಣ್ಣ ಬೆಳೆಗಾರ ಇದರೊಂದಿಗೆ ಮುದ್ರೆಯ ಖರ್ಚನ್ನೂ ಹೊರಬೇಕು. ಸಾವಯವಕ್ಕೆ ಹೊರಳಿದವನಿಗೆ ಮುದ್ರೆ ಸಿಗಲು ಸುಮಾರು 3 ವರ್ಷ ಬೇಕು. ಅಲ್ಲಿಯವರೆಗೆ ಇಳುವರಿ ಕುಸಿದರೂ ಮಾರಾಟ ಮಾಮೂಲಿ ಬೆಲೆಗೇ. ನಡುವೆ ಅರೇಬಿಕಾಗೆ ಬಿಳಿ ಕಾಂಡಕೊರಕ ತಗುಲಿದರೆ ಗಿಡವನ್ನೇ ಕಿತ್ತು ಸುಡಬೇಕು. ನಷ್ಟ ತುಂಬಲು ಆತ ಕೈಯಿಡುವುದು ಕೊಯ್ಲಿನ ಕೂಲಿಗೆ; ಹಸಿರು ಕಾಯಿಯೂ ಚೀಲ ಸೇರುತ್ತದೆ.

ಗ್ರಾಹಕ ಮುದ್ರೆಯ ಜತೆಗೆ ತೋಟದ ಹೆಸರು, ಹುರಿದ ದಿನಾಂಕವನ್ನೂ ಕೇಳಬೇಕು. ಶೇ 49ರವರೆಗೆ ಚಿಕೋರಿ ಬೆರೆಸಲು ಅವಕಾಶವಿರುವ ಮಿಶ್ರಣದಲ್ಲಂತೂ ಈ ಶೋಧವೇ ವ್ಯರ್ಥ.